ಗಾಳಿ ಎಲ್ಲಿಂದ? – ಮೋಟಾರ್ ಬೋಟಿನವನೊಬ್ಬ ಹಾಯಿ ಕಲಿತ ಪಾಠ



ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಸ್ನೇಹಿತರೊಬ್ಬರು ಕೇಳಿದರು: "ಅಲ್ರೀ, ಅಷ್ಟು ವರ್ಷ ಮೋಟಾರ್ ಬೋಟು ಓಡಿಸಿದೋರು ನೀವು. ಮಗಳ ಜೊತೆ ಕ್ಲಾಸಿಗೆ ಹೋಗಿ ಹಾಯಿದೋಣಿ ಕಲಿತ್ರಂತೆ? ಅದರಲ್ಲಿ ಕಲಿಯೋದಾದ್ರೂ ಏನಿದೆ? ಕಾರು ಓಡಿಸೋನಿಗೆ ಸೈಕಲ್ಲು ಕಷ್ಟವಾ?"

"ಸೈಕಲ್ಲಲ್ಲ ಮಾರಾಯ್ರೆ, ಕುದುರೆ! ಕಾರು ಓಡಿಸೋನಿಗೆ ಕುದುರೆ ಸವಾರಿ ತಾನಾಗಿ ಬರುತ್ತಾ ಹೇಳಿ" ಎಂದೆ. ಹಿಂದೆ ನಿಂತಿದ್ದ ನಮ್ಮ ಪತ್ರಿಕೆಯ ಸಂಪಾದಕರು ಬಿಸಿಬೇಳೆಭಾತಿನ ತಟ್ಟೆ ಹಿಡಿದುಕೊಂಡೇ "ಇದನ್ನೇ ಬರೆದು ಕೊಡಿ" ಎಂದು ಆಜ್ಞೆ ಮಾಡಿದರು. ಹಾಗಾಗಿ ಈ ಲೇಖನ. ಸಮುದ್ರದ ಗಂಧವೇ ಇಲ್ಲದವರಿಗೂ ಅರ್ಥವಾಗಲಿ ಎಂದು ಬಿಡಿಸಿ ಬರೆದಿದ್ದೇನೆ. ಗೊತ್ತಿದ್ದವರು ಸಹಿಸಿಕೊಳ್ಳಿ.

ಆ ಭಾನುವಾರ

ನನ್ನ ಊರು ಗಂಗೊಳ್ಳಿ. ಐದು ನದಿಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲಿನ ಊರು. ಉದ್ಯೋಗ ಡೀಸೆಲ್ ಇಂಜಿನ್ನುಗಳದ್ದು. ಅದೇ ಕೆಲಸ ನನ್ನನ್ನು ಪೋರ್ಟ್ ಕ್ಲಾಂಗಿಗೆ ತಂದಿತು. ಇಲ್ಲಿ ಸ್ವಲ್ಪ ನೆಲೆಯಾದ ಮೇಲೆ 18 ಅಡಿಯ ಒಂದು ಹಳೆಯ ಫೈಬರ್ ಬೋಟು ಕೊಂಡೆ. ಅದಕ್ಕೆ 60 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ವಾರದ ಕೊನೆಗೆ ಪೋರ್ಟ್ ಡಿಕ್ಸನ್ ಕಡೆ ಗಾಳ ಹಾಕಲು ಹೋಗುವುದು ನನ್ನ ಹವ್ಯಾಸ. ಇಂಜಿನ್ನು ನಾನೇ ಬಿಚ್ಚಿ ನಾನೇ ಕಟ್ಟುತ್ತಿದ್ದೆ. ಹಾಗಾಗಿ ಜಂಬವೂ ಸ್ವಲ್ಪ ಜಾಸ್ತಿಯೇ ಇತ್ತು.

2014ರ ಜುಲೈ ತಿಂಗಳ ಒಂದು ಭಾನುವಾರ. ಹೆಂಡತಿ, ಹನ್ನೊಂದು ವರ್ಷದ ಮಗಳು ಮತ್ತು ನಾನು ಬೆಳಿಗ್ಗೆ ಆರೂವರೆಗೆ ಹೊರಟೆವು. ಪಡುವಣದಲ್ಲಿ, ಅಂದರೆ ಸುಮಾತ್ರಾ ದಿಕ್ಕಿನಲ್ಲಿ, ದೂರದಲ್ಲಿ ಮಿಂಚುತ್ತಿತ್ತು. "ಹ್ವಾಯ್, ಅಲ್ಲಿ ಮಿಂಚ್ತಾ ಇತ್ತಲ್ಲ?" ಎಂದು ಹೆಂಡತಿ ಕೇಳಿದಳು. "ಅದು ಬರುವಷ್ಟರಲ್ಲಿ ನಾವು ವಾಪಸ್ ಬಂದಿರುತ್ತೇವೆ. ಇಂಜಿನ್ ಇರುವುದು ಯಾಕೆ?" ಎಂದೆ.

ತಾಂಜುಂಗ್ ತುವಾನ್ ಎಂಬ ಭೂಶಿರದ ಹತ್ತಿರ, ದೀಪಸ್ತಂಭ ಕಾಣುವಷ್ಟು ದೂರದಲ್ಲಿ ಗಾಳ ಹಾಕಿ ಕೂತೆವು. ಏಳೂವರೆ ಹೊತ್ತಿಗೆ ಪಡುವಣದಲ್ಲಿ ಕಪ್ಪು ಗೋಡೆಯಂಥ ಮೋಡ ಎದ್ದಿತು. ಗಾಳಿ ಒಮ್ಮೆ ಪೂರ್ತಿ ನಿಂತಿತು. ಆಮೇಲೆ ಯಾರೋ ಬಾಗಿಲು ಒದ್ದು ತೆಗೆದ ಹಾಗೆ ತಣ್ಣನೆಯ ಗಾಳಿ ನುಗ್ಗಿತು. ಇಂಜಿನ್ ಚಾಲೂ ಮಾಡಿದೆ. ಎರಡು ನಿಮಿಷ ಓಡಿ, ಕೆಮ್ಮಿ, ನಿಂತುಬಿಟ್ಟಿತು.

ಅದು ನಿಂತದ್ದು ದುರದೃಷ್ಟದಿಂದಲ್ಲ. ಇಂಜಿನ್ ಕೆಲಸದವನಾಗಿ ಇದನ್ನು ಹೇಳಲೇಬೇಕು. ಟ್ಯಾಂಕಿನ ತಳದಲ್ಲಿ ಸ್ವಲ್ಪ ನೀರು, ಸ್ವಲ್ಪ ಕೆಸರು ಯಾವಾಗಲೂ ಇರುತ್ತದೆ. ಸಮುದ್ರ ಶಾಂತವಾಗಿದ್ದಾಗ ಅದು ತಳದಲ್ಲೇ ಮಲಗಿರುತ್ತದೆ. ಅಲೆ ಎದ್ದು ಬೋಟು ಕುಲುಕಿದಾಗ ಎಲ್ಲ ಕದಡಿ ಫಿಲ್ಟರಿಗೆ ಬರುತ್ತದೆ. ಅಂದರೆ ಇಂಜಿನ್ನಿನ ಅಗತ್ಯ ಅತಿ ಹೆಚ್ಚು ಇರುವ ಹೊತ್ತಿನಲ್ಲೇ ಅದು ಕೈಕೊಡುವ ಸಂಭವವೂ ಹೆಚ್ಚು! ಆ ತಿಂಗಳು ಫಿಲ್ಟರ್ ಬದಲಾಯಿಸಬೇಕಿತ್ತು. ಬದಲಾಯಿಸಿರಲಿಲ್ಲ. ತಪ್ಪು ನನ್ನದೇ.

ಗಾಳಿ ನಮ್ಮನ್ನು ಬಂಡೆಗಳ ಕಡೆ ತಳ್ಳುತ್ತಿತ್ತು. ಲಂಗರು ಹಾಕಿದೆ. 12 ಮೀಟರ್ ಆಳ, ನನ್ನ ಹತ್ತಿರ ಇದ್ದ ಹಗ್ಗ 30 ಮೀಟರ್. ಆಳದ ಐದರಷ್ಟಾದರೂ ಹಗ್ಗ ಬಿಡಬೇಕು; ಇಲ್ಲದಿದ್ದರೆ ಲಂಗರು ನೆಲಕ್ಕೆ ಕಚ್ಚದೆ ಉಳುತ್ತಾ ಬರುತ್ತದೆ. ನಮ್ಮದೂ ಉಳುತ್ತಾ ಬಂತು. ದೋಣಿ ಕಟ್ಟುವ ಹಗ್ಗಗಳನ್ನೆಲ್ಲ ಒಂದಕ್ಕೊಂದು ಗಂಟು ಹಾಕಿ ಉದ್ದ ಮಾಡಿದ ಮೇಲೆ, ಬಂಡೆಗಳು ಕಲ್ಲೆಸೆತದ ದೂರ ಇದ್ದಾಗ, ಲಂಗರು ಕಚ್ಚಿತು. ಒಂದು ಗಂಟೆ ಮಳೆಯಲ್ಲಿ ಕೂತಿದ್ದೆವು. ಮಗಳು ಅಳಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಆ ನೋಟ ಇವತ್ತಿಗೂ ಮರೆತಿಲ್ಲ.

ಗಾಳಿ ಇಳಿದ ಮೇಲೆ ಮಲಯ್ ಮೀನುಗಾರರೊಬ್ಬರು ಬಂದು ಹಗ್ಗ ಎಸೆದು ನಮ್ಮನ್ನು ಎಳೆದುಕೊಂಡು ಹೋದರು. ದಡದಲ್ಲಿ ಹಣ ಕೊಡಲು ಹೋದರೆ ಬೇಡವೆಂದರು. ಒಂದೇ ಒಂದು ಪ್ರಶ್ನೆ ಕೇಳಿದರು: "ಪಾಗಿ ತಾದಿ ಅಂಗಿನ್ ದಾರಿ ಮಾನಾ, ಬಾಂಗ್?" ಬೆಳಿಗ್ಗೆ ಹೊರಟಾಗ ಗಾಳಿ ಎಲ್ಲಿಂದ ಬರುತ್ತಿತ್ತು ಅಣ್ಣಾ, ಎಂದು.

ನನಗೆ ಉತ್ತರ ಗೊತ್ತಿರಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿದವನು ನಾನು. ನಮ್ಮ ಅಜ್ಜಯ್ಯ ಬೆಳಗ್ಗೆ ಎದ್ದು ಅಂಗಳಕ್ಕೆ ಬಂದು, ಬಾಯಿ ತೊಳೆಯುವ ಮೊದಲು ಕೇಳುತ್ತಿದ್ದುದು ಇದೇ ಪ್ರಶ್ನೆ: "ಗಾಳಿ ಯಾವ ಬದಿಂದ ಬತ್ತಾ ಇತ್ತ್?"

ನಾವೇ ಮಾಡಿಕೊಂಡ ಗಾಳಿ

ಮರುತಿಂಗಳು ಮಗಳೊಂದಿಗೆ ಹಾಯಿದೋಣಿಯ ತರಗತಿಗೆ ಸೇರಿದೆ. ಮಕ್ಕಳಿಗೆ ಆಪ್ಟಿಮಿಸ್ಟ್ ಎಂಬ ಪುಟ್ಟ ದೋಣಿ, 2.3 ಮೀಟರ್ ಉದ್ದದ್ದು. ಸ್ನಾನದ ತೊಟ್ಟಿಗೆ ಹಾಯಿ ಕಟ್ಟಿದ ಹಾಗಿರುತ್ತದೆ. ದೊಡ್ಡವರಿಗೆ 13-14 ಅಡಿಯ ಡಿಂಗಿ. ಕಲಿಸುವವಳು ಇಪ್ಪತ್ತೆರಡು ವರ್ಷದ ಹುಡುಗಿ. ಎಲ್ಲರೂ ಅವಳನ್ನು 'ಚಿಕ್‌ಗು' ಎನ್ನುತ್ತಿದ್ದರು. ಮಲಯ್ ಭಾಷೆಯಲ್ಲಿ ಚಿಕ್‌ಗು ಎಂದರೆ ಮೇಷ್ಟ್ರು. ನನಗಾಗ 47. ತರಗತಿಯಲ್ಲಿ ನಾನೇ ಹಿರಿಯ ವಿದ್ಯಾರ್ಥಿ, ದಡ್ಡ ವಿದ್ಯಾರ್ಥಿಯೂ ನಾನೇ.

ಮೊದಲ ದಿನ ನೀರಿಗೆ ಇಳಿಸಲೇ ಇಲ್ಲ. ಮರಳಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದಳು. "ಮುಖ ತಿರುಗಿಸುತ್ತಾ ಹೋಗಿ. ಎರಡೂ ಕಿವಿಗೆ ಗಾಳಿಯ ಸದ್ದು ಸಮ ಆದಾಗ ನಿಲ್ಲಿಸಿ. ನಿಮ್ಮ ಮೂಗು ಈಗ ಗಾಳಿಗೆ ನೇರ ಇದೆ." ಮಕ್ಕಳೆಲ್ಲ ಸರಿಯಾಗಿ ತಿರುಗಿ ನಿಂತರು. ನಾನೊಬ್ಬ ಬೇರೆ ದಿಕ್ಕಿಗೆ!

ಇದಕ್ಕೂ ಒಂದು ಕಾರಣ ಇದೆ. ಮೋಟಾರ್ ಬೋಟಿನವನಿಗೆ ಗಾಳಿ ಯಾವಾಗಲೂ ಎದುರಿನಿಂದಲೇ ಬರುತ್ತದೆ. ಬೈಕಿನಲ್ಲಿ ಹೋಗುವವನಿಗೆ ಆಗುವ ಹಾಗೆ. ಒಂದು ಲೆಕ್ಕ ನೋಡಿ. ಹಿಂದಿನಿಂದ 8 ನಾಟ್ ಗಾಳಿ ಬೀಸುತ್ತಿದೆ, ನಾನು 20 ನಾಟ್ ವೇಗದಲ್ಲಿ ಹೋಗುತ್ತಿದ್ದೇನೆ (ಗಂಟೆಗೆ ಸುಮಾರು 37 ಕಿ.ಮೀ.). ನನ್ನ ಮುಖಕ್ಕೆ ತಗಲುವುದು ಎದುರಿನಿಂದ 12 ನಾಟ್ ಗಾಳಿ. ನಿಜವಾದ ಗಾಳಿ ಬೆನ್ನ ಹಿಂದಿದ್ದರೂ ನನಗೆ ಅದು ಎದುರಿನ ಗಾಳಿ! ಇಷ್ಟು ವರ್ಷ ನಾನೇ ಮಾಡಿಕೊಂಡ ಗಾಳಿಯಲ್ಲಿ ಓಡಾಡಿ, ದೇವರು ಕೊಟ್ಟ ಗಾಳಿ ಯಾವುದೆಂದು ಮರೆತಿದ್ದೆ. ನನ್ನ ಮಗಳಿಗೆ ಮರೆಯಲು ಏನೂ ಇರಲಿಲ್ಲ. ಅವಳು ಬೇಗ ಕಲಿತಳು.

ಗಾಳಿಗೆ ಎದುರಾಗಿ ಹೋಗುವುದು ಹೇಗೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗಾಳಿ ತಳ್ಳಿದ ಕಡೆಗೆ ದೋಣಿ ಹೋಗುವುದು ಸರಿ. ಗಾಳಿ ಬರುವ ಕಡೆಗೇ ಹೋಗುವುದು ಹೇಗೆ?

ಒದ್ದೆ ಹಲಸಿನ ಬೀಜವನ್ನು ಎರಡು ಬೆರಳ ನಡುವೆ ಇಟ್ಟು ಒತ್ತಿ ನೋಡಿ. ಪುಸಕ್ಕನೆ ಮುಂದಕ್ಕೆ ಹಾರುತ್ತದೆ. ನೀವು ಒತ್ತಿದ್ದು ಅಕ್ಕಪಕ್ಕದಿಂದ, ಅದು ಹೋದದ್ದು ಮುಂದಕ್ಕೆ. ಹಾಯಿದೋಣಿಯ ಗುಟ್ಟು ಹೆಚ್ಚುಕಡಿಮೆ ಇದೇ. ಹಾಯಿ ಚಪ್ಪಟೆ ಬಟ್ಟೆಯಲ್ಲ, ವಿಮಾನದ ರೆಕ್ಕೆಯಂತೆ ಉಬ್ಬಿದ ಆಕಾರ. ಗಾಳಿ ಅದರ ಎರಡೂ ಬದಿಗೆ ಹರಿದು ಹೋಗುವಾಗ ಓರೆಯಾಗಿ ಎಳೆಯುತ್ತದೆ. ದೋಣಿಯ ಹೊಟ್ಟೆಯಿಂದ ನೀರಿಗೆ ಇಳಿಬಿಟ್ಟ ಒಂದು ಹಲಗೆ ಇರುತ್ತದೆ, ಸೆಂಟರ್‌ಬೋರ್ಡ್ ಅಂತ. ಅದು ದೋಣಿಯನ್ನು ಪಕ್ಕಕ್ಕೆ ಜಾರಲು ಬಿಡುವುದಿಲ್ಲ. ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು, ನಡುವೆ ಸಿಕ್ಕ ದೋಣಿ ಹಲಸಿನ ಬೀಜ. ಮುಂದಕ್ಕೆ ಹೋಗದೆ ಅದಕ್ಕೆ ಬೇರೆ ದಾರಿಯಿಲ್ಲ.

ಹಾಗಂತ ನೇರ ಗಾಳಿಯ ಬಾಯಿಗೆ ಹೋಗಲಾಗುವುದಿಲ್ಲ. ಗಾಳಿಯ ದಿಕ್ಕಿನ ಎರಡೂ ಕಡೆ ಸುಮಾರು 45 ಡಿಗ್ರಿಯಷ್ಟು ಜಾಗ ಹಾಯಿಗೆ ನಿಷಿದ್ಧ. ಅಲ್ಲಿಗೆ ಹೋದರೆ ಹಾಯಿ ಪಟಪಟನೆ ಬಡಿದುಕೊಂಡು ದೋಣಿ ನಿಲ್ಲುತ್ತದೆ. ಹಾಗಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹತ್ತಬೇಕು, ಆಗುಂಬೆ ಘಾಟಿಯ ತಿರುವುಗಳ ಹಾಗೆ. ಒಂದೊಂದು ತಿರುವಿಗೆ 'ಟ್ಯಾಕ್' ಎಂದು ಹೆಸರು. ಗಾಳಿಗೆ ಎದುರಾಗಿ 1 ಕಿ.ಮೀ. ದೂರದ ಜಾಗಕ್ಕೆ ಹೀಗೆ ಹೋದರೆ ದೋಣಿ ಕ್ರಮಿಸುವುದು ಸುಮಾರು 1.4 ಕಿ.ಮೀ.

ಮೋಟಾರ್ ಬೋಟಿನವನಿಗೆ ನುಂಗಲಾರದ ತುತ್ತು ಇದೇ! ಗುರಿ ಕಣ್ಣೆದುರೇ ಇದೆ. ಮೂತಿ ಅತ್ತ ತಿರುಗಿಸಿ ಥ್ರಾಟಲ್ ಒತ್ತುವುದು ನಮ್ಮ ಅಭ್ಯಾಸ. ನಾನು ಮತ್ತೆ ಮತ್ತೆ ಮೂತಿಯನ್ನು ಗುರಿಯ ಕಡೆಗೇ ತಿರುಗಿಸುತ್ತಿದ್ದೆ. ದೋಣಿ ನಿಷಿದ್ಧ ಜಾಗಕ್ಕೆ ಸಿಕ್ಕಿಕೊಂಡು ಗೊಂಬೆಯ ಹಾಗೆ ನಿಲ್ಲುತ್ತಿತ್ತು. ಪಕ್ಕದಲ್ಲಿ ಮಗಳ ತೊಟ್ಟಿ ನಗುನಗುತ್ತಾ ಓರೆಯಾಗಿ ಹೋಗುತ್ತಿತ್ತು. "ಅಪ್ಪಯ್ಯಾ, ಸುತ್ತಿ ಬನ್ನಿ!" ಎಂದು ಕೂಗುತ್ತಿದ್ದಳು.

ಬ್ರೇಕೂ ಇಲ್ಲ, ರಿವರ್ಸೂ ಇಲ್ಲ

ಔಟ್‌ಬೋರ್ಡ್ ಬೋಟಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ ಇಂಜಿನ್ನೇ ತಿರುಗುತ್ತದೆ, ಪ್ರೊಪೆಲ್ಲರ್ ನೀರನ್ನು ಆ ಕಡೆಗೆ ದೂಡುತ್ತದೆ. ನಿಂತಲ್ಲೇ ಬೋಟನ್ನು ತಿರುಗಿಸಬಹುದು. ಹಾಯಿದೋಣಿಯ ಚುಕ್ಕಾಣಿ ಹಾಗಲ್ಲ. ಅದರ ಮೇಲೆ ನೀರು ಹರಿಯುತ್ತಿದ್ದರೆ ಮಾತ್ರ ಅದು ಚುಕ್ಕಾಣಿ, ದೋಣಿ ನಿಂತರೆ ಬರೀ ಹಲಗೆ. ವೇಗವಿಲ್ಲದೆ ದಿಕ್ಕಿಲ್ಲ. ಜೊತೆಗೆ ಚುಕ್ಕಾಣಿಯ ಹಿಡಿ, ಅಂದರೆ ಟಿಲ್ಲರ್, ಉಲ್ಟಾ: ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಸ್ಟೀರಿಂಗ್ ಚಕ್ರಕ್ಕೆ ಒಗ್ಗಿದ ಕೈಗೆ ಇದನ್ನು ಒಪ್ಪಿಸಲು ನನಗೆ ಎರಡು ವಾರ ಬೇಕಾಯಿತು.

ನಿಲ್ಲಿಸುವುದು ಇನ್ನೊಂದು ವಿದ್ಯೆ. ಹಾಯಿಯನ್ನು ಬಿಗಿಯುವ ಹಗ್ಗಕ್ಕೆ 'ಶೀಟ್' ಎಂದು ಹೆಸರು. (ಶೀಟ್ ಎಂದರೆ ಬಟ್ಟೆಯಲ್ಲ, ಹಗ್ಗ! ಮೊದಲ ದಿನ ನಾನು ಹಾಯಿಯನ್ನೇ ಹಿಡಿದು ಎಳೆದಿದ್ದೆ.) ಆ ಹಗ್ಗ ಸಡಿಲ ಬಿಟ್ಟರೆ ಹಾಯಿಯಿಂದ ಗಾಳಿ ಸೋರಿಹೋಗಿ ದೋಣಿ ನಿಧಾನವಾಗುತ್ತದೆ. ಪೂರ್ತಿ ನಿಲ್ಲಿಸಬೇಕೆಂದರೆ ಮೂತಿಯನ್ನು ಗಾಳಿಗೆ ತಿರುಗಿಸಬೇಕು. ಯಾವ ಜಾಗ ನನ್ನನ್ನು ಸಿಕ್ಕಿಸಿ ಗೊಂಬೆ ಮಾಡಿತ್ತೋ ಅದೇ ಹಾಯಿಗಾರನ ಬ್ರೇಕು.

ನಾಲ್ಕನೇ ವಾರ ಒಂದು ಪರೀಕ್ಷೆ. ಪ್ಲಾಸ್ಟಿಕ್ ಡ್ರಮ್ಮಿಗೆ ಹಳೆಯ ಲೈಫ್ ಜಾಕೆಟ್ ತೊಡಿಸಿ ನೀರಿಗೆ ಎಸೆಯುತ್ತಾರೆ. ಅದು ನೀರಿಗೆ ಬಿದ್ದ ಮನುಷ್ಯ. ಹೋಗಿ ಎತ್ತಿಕೊಳ್ಳಬೇಕು. ಇದು ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡೆ. ಮೋಟಾರ್ ಬೋಟಿನಲ್ಲಿ ನೇರ ತಿರುಗಿ, ಹತ್ತಿರ ಬಂದಾಗ ನ್ಯೂಟ್ರಲ್ ಮಾಡಿದರಾಯಿತು. ನೇರ ತಿರುಗಿದೆ. ಬೆನ್ನ ಹಿಂದಿನ ಗಾಳಿ ದೋಣಿಯನ್ನು ಓಡಿಸಿಕೊಂಡು ಬಂದು ಡ್ರಮ್ಮಿನ ಮೇಲೇ ಹತ್ತಿಸಿತು. ಎರಡನೇ ಸಲ ಹತ್ತು ಅಡಿ ಆಚೆ ಹೋಗಿ ನಿಂತೆ. ಮೂರನೇ ಸಲ ಡ್ರಮ್ಮು ತಲುಪುವ ಮೊದಲೇ ನಿಂತುಹೋದೆ. ಚಿಕ್‌ಗು ಸಿಟ್ಟು ಮಾಡಲಿಲ್ಲ. ಗಡಿಯಾರ ನೋಡಿ "ಹನ್ನೊಂದು ನಿಮಿಷ" ಎಂದಳು ಅಷ್ಟೆ.

ಸರಿಯಾದ ಕ್ರಮ ಹೀಗೆ: ಯಾರಾದರೂ ಬಿದ್ದೊಡನೆ ಗಾಳಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಕೆಲವು ದೋಣಿಯುದ್ದ *ದೂರ* ಹೋಗಬೇಕು. ಅಲ್ಲಿ ಟ್ಯಾಕ್ ಮಾಡಿ ತಿರುಗಿ, ಬಿದ್ದವನಿಗಿಂತ ಸ್ವಲ್ಪ ಗಾಳಿಯ ಕೆಳಗಿನಿಂದ, ಗಾಳಿಗೆ ಓರೆಯಾಗಿ ಮೇಲಕ್ಕೆ ಬರಬೇಕು. ಶೀಟ್ ಸಡಿಲ ಬಿಟ್ಟರೆ ದೋಣಿ ತಾನಾಗಿ ಅವನ ಪಕ್ಕ ಬಂದು ನಿಲ್ಲುತ್ತದೆ. ಅಷ್ಟು ಹೊತ್ತೂ ಒಬ್ಬರು ಬಿದ್ದವನ ಮೇಲಿಟ್ಟ ಕಣ್ಣು ತೆಗೆಯಬಾರದು. ಬಿದ್ದವನನ್ನು ಉಳಿಸಲು ಮೊದಲು ಅವನಿಂದ ದೂರ ಹೋಗಬೇಕು ಎಂಬುದನ್ನು ಮನಸ್ಸು ಒಪ್ಪುವುದೇ ಇಲ್ಲ. ಮಗಳು ಮೊದಲ ಸಲಕ್ಕೇ ಡ್ರಮ್ಮು ಎತ್ತಿದಳು. ನನಗೆ ನಾಲ್ಕನೇ ಸಲ ಸಿಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಜುಲೈ ತಿಂಗಳ ಆ ಬೆಳಿಗ್ಗೆ ಅವಳು ನೀರಿಗೆ ಬಿದ್ದಿದ್ದರೆ?

ಮಗುಚುವುದೂ ಪಾಠವೇ

ಮೋಟಾರ್ ಬೋಟು ಮಗುಚಿದರೆ ಅದು ಅಪಘಾತ, ಪೊಲೀಸು, ಪತ್ರಿಕೆ. ಡಿಂಗಿ ಮಗುಚಿದರೆ ಅದು ದಿನಚರಿ. ಕಲಿಯುವ ಮೊದಲ ವಾರದಲ್ಲೇ ಬೇಕೆಂದೇ ಮಗುಚಿಸುತ್ತಾರೆ. ಈಜಿಕೊಂಡು ದೋಣಿಯ ತಳದ ಕಡೆ ಹೋಗಿ, ಹೊರಚಾಚಿದ ಸೆಂಟರ್‌ಬೋರ್ಡಿನ ಮೇಲೆ ನಿಂತು, ದೇಹದ ಭಾರ ಹಿಂದಕ್ಕೆ ಹಾಕಿದರೆ ಕೂವೆಮರ ನೀರಿನಿಂದ ಎದ್ದು ನಿಲ್ಲುತ್ತದೆ. ಶೀಟ್ ಸಡಿಲ ಇರಬೇಕು, ಇಲ್ಲವಾದರೆ ಎದ್ದ ದೋಣಿ ನಿಮ್ಮನ್ನು ಬಿಟ್ಟು ಹೊರಟುಬಿಡುತ್ತದೆ! ಯಾವ ಸ್ಥಿತಿಯಲ್ಲೂ ದೋಣಿಯನ್ನು ಬಿಟ್ಟು ದಡಕ್ಕೆ ಈಜಬಾರದು. ನೀರಿನಲ್ಲಿ ತೇಲುವ ಒಂಟಿ ತಲೆ ಹುಡುಕುವವರಿಗೆ ಕಾಣುವುದಿಲ್ಲ, ದೋಣಿ ಕಾಣುತ್ತದೆ.

ಇನ್ನೊಂದು ಎಚ್ಚರಿಕೆ ಬೂಮಿನದು. ಹಾಯಿಯ ಕೆಳಗಿನ ಅಡ್ಡ ಕಂಬ ಅದು. ಗಾಳಿ ಬೆನ್ನ ಹಿಂದಿದ್ದಾಗ ದೋಣಿ ತಿರುಗಿದರೆ ಬೂಮು ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿ ಬಡಿಯುತ್ತದೆ. ಇದಕ್ಕೆ 'ಜೈಬ್' ಎನ್ನುತ್ತಾರೆ. ತಲೆ ತಗ್ಗಿಸದಿದ್ದವರಿಗೆ ಬುದ್ಧಿ ಅದೇ ಕಲಿಸುತ್ತದೆ. ನನಗೆ ಎರಡು ಸಲ ಕಲಿಸಿತು.

ಹಳೆಯ ವಿದ್ಯೆ ವ್ಯರ್ಥವಲ್ಲ

ಇಷ್ಟೆಲ್ಲ ಓದಿ ಮೋಟಾರಿನ ಅನುಭವ ದಂಡ ಎಂದುಕೊಳ್ಳಬೇಡಿ. ಉಬ್ಬರ ಇಳಿತದ ಲೆಕ್ಕ, ಲಂಗರು, ಹಗ್ಗದ ಗಂಟು, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ಬಂದರಿಗೆ ಒಳಬರುವಾಗ ಕೆಂಪು ಬೋಯೆ ಎಡಕ್ಕೆ ಹಸಿರು ಬಲಕ್ಕೆ (ಭಾರತದಲ್ಲೂ ಮಲೇಷ್ಯಾದಲ್ಲೂ ಒಂದೇ ಪದ್ಧತಿ) – ಇವೆಲ್ಲ ಹಾಗೇ ಉಪಯೋಗಕ್ಕೆ ಬಂದವು. ದೊಡ್ಡ ಹಾಯಿನೌಕೆಗಳಲ್ಲಿ ಇಂಜಿನ್ನೂ ಇರುತ್ತದೆ. ಅದು ಕೆಟ್ಟಾಗ ಎಲ್ಲರೂ ನನ್ನನ್ನೇ ಹುಡುಕುತ್ತಾರೆ.

ಆದರೆ ದಾರಿ ಬಿಡುವ ನಿಯಮವನ್ನು ತಿರುಗಿಸಿ ಕಲಿಯಬೇಕಾಯಿತು. 1972ರ ಅಂತರರಾಷ್ಟ್ರೀಯ ನಿಯಮಾವಳಿಯ ಪ್ರಕಾರ ಸಾಮಾನ್ಯವಾಗಿ ಇಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು. ಎರಡೂ ಹಾಯಿದೋಣಿಗಳಾದರೆ, ಎಡಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ ಬಲಬದಿಯಿಂದ ಪಡೆಯುತ್ತಿರುವುದಕ್ಕೆ ದಾರಿ ಬಿಡಬೇಕು. ಎರಡಕ್ಕೂ ಒಂದೇ ಬದಿಯ ಗಾಳಿಯಾದರೆ, ಗಾಳಿ ಬರುವ ಕಡೆ ಇರುವುದು ದಾರಿ ಬಿಡಬೇಕು. ಹಾಯಿ ಏರಿಸಿದ್ದರೂ ಇಂಜಿನ್ ಬಳಸಿ ಹೋಗುತ್ತಿದ್ದರೆ ಅದು ಇಂಜಿನ್ ದೋಣಿಯೇ. ಹಾಗಂತ "ನನ್ನದು ಹಾಯಿ" ಎಂದು ಮಲಾಕ್ಕಾ ಜಲಸಂಧಿಯ ಹಡಗು ಮಾರ್ಗದಲ್ಲಿ ಎದೆಯುಬ್ಬಿಸುವಂತಿಲ್ಲ. ಗೊತ್ತುಪಡಿಸಿದ ಆ ಮಾರ್ಗದಲ್ಲಿ ಹೋಗುವ ದೊಡ್ಡ ಹಡಗಿಗೆ ಹಾಯಿದೋಣಿ ಅಡ್ಡಿಯಾಗಬಾರದು ಎಂಬುದೂ ಅದೇ ನಿಯಮಾವಳಿಯಲ್ಲಿದೆ. ದೊಡ್ಡ ಟ್ಯಾಂಕರಿಗೆ ನಮಗೋಸ್ಕರ ತಟ್ಟನೆ ನಿಲ್ಲಲು ಆಗುವುದೂ ಇಲ್ಲ.

ಇಲ್ಲಿಯ ಗಾಳಿಗಳು

ಮಲೇಷ್ಯಾದಲ್ಲಿ ಎರಡು ಮಾನ್ಸೂನು. ನವೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ, ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ. ಈಶಾನ್ಯದ ಕಾಲದಲ್ಲಿ ತೆರೆಂಗಾನು ಕಡೆಯ ಪೂರ್ವ ಕರಾವಳಿ ಅಬ್ಬರಿಸುತ್ತದೆ. ಪೆರ್ಹೆಂತಿಯಾನ್ ದ್ವೀಪದ ಹೋಟೆಲುಗಳು ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ಪಶ್ಚಿಮದ ಲಂಕಾವಿಯಲ್ಲಿ ಒಳ್ಳೆಯ ಗಾಳಿ, ತಗ್ಗಿದ ಅಲೆ. ನಡುವಿನ ನೆಲ ಅಲೆಯನ್ನು ತಡೆಯುತ್ತದೆ. ರಾಜಾ ಮುಡಾ ಸೆಲಾಂಗೊರ್ ಸ್ಪರ್ಧೆ 1990ರಲ್ಲಿ ಶುರುವಾದದ್ದು, ನವೆಂಬರ್ ತಿಂಗಳಲ್ಲಿ ಪೋರ್ಟ್ ಕ್ಲಾಂಗಿನಿಂದ ಪಂಗ್ಕೋರ್, ಪೆನಾಂಗ್ ಮೂಲಕ ಲಂಕಾವಿಗೆ ಹೋಗುವಂಥದ್ದು. ಒಂಟಿಯಾಗಿ ಭೂಮಿ ಸುತ್ತಿದ ಮಲೇಷ್ಯಾದ ಅಜಹರ್ ಮನ್ಸೂರ್ 1999ರಲ್ಲಿ ಹೊರಟದ್ದೂ ಲಂಕಾವಿಯಿಂದಲೇ.

ನನ್ನನ್ನು ಹಿಡಿದದ್ದು ಮೂರನೆಯ ಗಾಳಿ, ಅದರ ಹೆಸರೇ 'ಸುಮಾತ್ರಾ'. ಏಪ್ರಿಲ್‌ನಿಂದ ನವೆಂಬರ್ ನಡುವೆ, ರಾತ್ರಿ ಸುಮಾತ್ರಾ ದ್ವೀಪದ ಮೇಲೆ ಅಥವಾ ಜಲಸಂಧಿಯಲ್ಲಿ ಹುಟ್ಟುವ ಮಿಂಚು ಮಳೆಯ ಸಾಲು, ನಸುಕಿನಲ್ಲಿ ಅಥವಾ ಬೆಳಿಗ್ಗೆ ಮಲೇಷ್ಯಾದ ಪಶ್ಚಿಮ ದಡಕ್ಕೆ ಬಡಿಯುತ್ತದೆ. ಗಾಳಿ ಗಂಟೆಗೆ 40ರಿಂದ 80 ಕಿ.ಮೀ. ಮುಟ್ಟಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಹಾಯಿಯನ್ನು ಮಡಚಿ ಚಿಕ್ಕದು ಮಾಡುವ 'ರೀಫ್' ಕೆಲಸವನ್ನು ಗಾಳಿ ಬರುವ ಮೊದಲೇ ಮುಗಿಸಬೇಕು. ರೀಫ್ ಮಾಡೋಣವೇ ಎಂಬ ಯೋಚನೆ ಬಂದರೆ ಆಗಲೇ ಮಾಡಿ ಎಂಬುದು ಹಾಯಿಗಾರರ ಹಳೆಯ ಮಾತು.

ಈ ಗಾಳಿಗಳಿಂದಲೇ ಮಲಾಕ್ಕಾ ನಗರ ದೊಡ್ಡದಾಯಿತು. ಒಂದು ಗಾಳಿ ಹಿಡಿದು ಪಶ್ಚಿಮದಿಂದ ಬಂದ ಗುಜರಾತಿ, ಅರಬ್ ವ್ಯಾಪಾರಿಗಳು ಇನ್ನೊಂದು ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಅಲ್ಲಿ ಕಾಯಬೇಕಿತ್ತು. 1511ರಲ್ಲಿ ಪೋರ್ಚುಗೀಸರು ಅದನ್ನು ಹಿಡಿಯುವ ಮೊದಲು, ಬೇರೆ ಬೇರೆ ದೇಶದ ವ್ಯಾಪಾರಿಗಳನ್ನು ನೋಡಿಕೊಳ್ಳಲು ನಾಲ್ವರು ಶಾಬಂದರ್‌ಗಳಿದ್ದರು. ನಾವು ಇಂದು ಮಕ್ಕಳನ್ನು ಮಲಾಕ್ಕಾ ತೋರಿಸಲು ಕರೆದೊಯ್ದಾಗ ಕೋಟೆ ತೋರಿಸುತ್ತೇವೆ. ಗಾಳಿಯ ಕಥೆಯನ್ನೂ ಹೇಳಬಹುದು.

ಅಜ್ಜಯ್ಯನ ಹಾಯಿ

2016ರ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಅಜ್ಜಯ್ಯ ಹರೆಯದಲ್ಲಿ ಮಂಜಿಯಲ್ಲಿ ದುಡಿದವರು. ಮಂಜಿ ಎಂದರೆ ನಮ್ಮ ಕರಾವಳಿಯ ಸರಕಿನ ಹಾಯಿಹಡಗು. ಹೆಂಚು, ಅಕ್ಕಿ ಹೇರಿಕೊಂಡು ಹೋಗುತ್ತಿತ್ತು. ಆಮೇಲೆ ಸ್ವಂತ ಮೀನಿನ ದೋಣಿ ಮಾಡಿಕೊಂಡರು, ಅದಕ್ಕೂ ಹಾಯಿ. ನಸುಕಿನ ಮೂಡಗಾಳಿ ಹಿಡಿದು ಕಡಲಿಗೆ ಹೋಗುವುದು, ಮಧ್ಯಾಹ್ನದ ಪಡುಗಾಳಿ ಹಿಡಿದು ಮನೆಗೆ ಬರುವುದು. ನೆಲ ಬೇಗ ಕಾದು ಬೇಗ ಆರುತ್ತದೆ, ನೀರು ನಿಧಾನ. ಅದರಿಂದ ಗಾಳಿ ದಿನಕ್ಕೆರಡು ಸಲ ದಿಕ್ಕು ಬದಲಿಸುತ್ತದೆ ಎಂದು ನಾನು ಶಾಲೆಯಲ್ಲಿ ಓದಿ ಅಂಕ ಪಡೆದೆ. ಅಜ್ಜಯ್ಯ ಅದರಲ್ಲಿ ಮನೆ ನಡೆಸಿದರು.

1970ರ ದಶಕದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದು, ಇಂಜಿನ್ ಇಲ್ಲದೆ ಬದುಕಿಲ್ಲ ಎಂಬ ಕಾಲ ಬಂತು. ನಮ್ಮ ಮನೆಗೆ ಇಂಜಿನ್ ತಂದವರು ಅಪ್ಪಯ್ಯ. ತಪ್ಪಲ್ಲ. ಅದರಿಂದಲೇ ನಾನು ಓದಿದ್ದು, ಇಲ್ಲಿಗೆ ಬಂದದ್ದು.

"ಹಾಯಿ ಏನಾಯಿತು ಅಪ್ಪಯ್ಯಾ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಳೆಗಾಲದಲ್ಲಿ ಕಟ್ಟಿಗೆ ಮುಚ್ಚುಕೆ ಹಾಕಿದ್ದೆ. ಅಜ್ಜಯ್ಯ ಕಂಡ್ರು. ಎಂತದೂ ಹೇಳ್ಲಿಲ್ಲ" ಎಂದರು. ಮತ್ತೆ ನನ್ನ ಮಗಳ ಕಡೆ ತಿರುಗಿ, "ನಿಂಗೆ ಬತ್ತಾ ಮಗಾ, ಹಾಯಿ ಕಟ್ಟುಕೆ?" ಎಂದು ಕೇಳಿದರು. ಅವಳು ಅಂಗಳದಲ್ಲಿ ಅಜ್ಜನ ಬೈರಾಸಿಗೆ ಎರಡು ಕೋಲು ಕಟ್ಟಿ, ಶೀಟ್ ಎಲ್ಲಿ ಬಿಗಿಯಬೇಕು ಎಂದು ತೋರಿಸಿದಳು. ಅಪ್ಪಯ್ಯ ಹಗ್ಗ ಹಿಡಿದು ಕೂತರು. ಆ ಮಧ್ಯಾಹ್ನ ಪಡುಗಾಳಿ ಚೆನ್ನಾಗಿಯೇ ಇತ್ತು.

ಕಲಿಯಬೇಕೆಂದಿರುವವರಿಗೆ

1. ಮೊದಲು ಈಜು ಕಲಿಯಿರಿ. ಈಜು ಬಂದರೂ ಲೈಫ್ ಜಾಕೆಟ್ ಬಿಡಬೇಡಿ, ಮಕ್ಕಳಿಗೆ ಅವರ ಅಳತೆಯದ್ದೇ ಇರಲಿ.

2. ದೊಡ್ಡ ನೌಕೆಗಿಂತ ಚಿಕ್ಕ ಡಿಂಗಿಯಲ್ಲಿ ಶುರು ಮಾಡಿ. ಅದು ನಿಮ್ಮ ತಪ್ಪನ್ನು ತಕ್ಷಣ ತೋರಿಸುತ್ತದೆ, ಪೆಟ್ಟೂ ಚಿಕ್ಕದು.

3. ನಿಮಗೆ ಮೋಟಾರ್ ಬೋಟು ಗೊತ್ತಿದ್ದರೆ ಮೊದಲ ದಿನವೇ ಗುರುಗಳಿಗೆ ಹೇಳಿ. ಕಲಿಸುವುದಕ್ಕಿಂತ ಮರೆಸುವುದು ಕಷ್ಟ ಎಂದು ಅವರಿಗೆ ಗೊತ್ತಿರುತ್ತದೆ.

4. ಮೋಟಾರ್ ಬೋಟಿನಲ್ಲೇ ಇರುವವರು ಫಿಲ್ಟರ್ ಬದಲಾಯಿಸಿ, ಲಂಗರಿನ ಹಗ್ಗ ಅಳೆಯಿರಿ, ಹೊರಡುವ ಮೊದಲು ಇಂಜಿನ್ ಆರಿಸಿ ಐದು ನಿಮಿಷ ಸುಮ್ಮನೆ ನಿಂತು ಗಾಳಿ ನೋಡಿ. ಪಡುವಣದಲ್ಲಿ ಮಿಂಚಿದರೆ ಮನೆಗೆ ಹೋಗಿ ದೋಸೆ ತಿನ್ನಿ.

5. ಮಲಯ್ ಮಾತು ನಾಲ್ಕು ಕಲಿಯಿರಿ: ಅಂಗಿನ್ ಗಾಳಿ, ಲಾಯರ್ ಹಾಯಿ (ಕೋರ್ಟಿನವರಲ್ಲ!), ತಿಯಾಂಗ್ ಕೂವೆಮರ, ಕೆಮುದಿ ಚುಕ್ಕಾಣಿ. ಉತ್ತರ ದಿಕ್ಕಿಗೆ ಅವರೂ 'ಉತಾರಾ' ಎನ್ನುತ್ತಾರೆ, ಸಮುದ್ರಕ್ಕೆ 'ಸಮುದೆರಾ'.

ಕೊನೆಯದಾಗಿ ನಮ್ಮ ಮಕ್ಕಳಿಗೆ ಒಂದು ಮನೆಕೆಲಸ. ಒಂದು ವಾರ, ಬೆಳಿಗ್ಗೆ ಶಾಲೆಗೆ ಹೊರಡುವಾಗ ಮತ್ತು ಸಂಜೆ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಪುಸ್ತಕದಲ್ಲಿ ಬರೆಯಿರಿ. ಶಾಲೆಯ ಬಾವುಟ ನೋಡಿ, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ ನೋಡಿ, ಇಲ್ಲವೇ ಕಣ್ಣು ಮುಚ್ಚಿ ಎರಡು ಕಿವಿಗೂ ಸದ್ದು ಸಮ ಮಾಡಿ. ದಿಕ್ಕಿನ ಹೆಸರು ಕನ್ನಡದಲ್ಲೇ ಇರಲಿ: ಮೂಡ, ಪಡು, ತೆಂಕ, ಬಡಗ. ಬರೆದದ್ದನ್ನು ಯುಗಾದಿ ಕಾರ್ಯಕ್ರಮಕ್ಕೆ ತನ್ನಿ, ಎಲ್ಲರದನ್ನೂ ಹೋಲಿಸಿ ನೋಡೋಣ. ಅಪ್ಪ ಅಮ್ಮಂದಿರೂ ಬರೆಯಬಹುದು. ಉತ್ತರ ಗೊತ್ತಿಲ್ಲದೆ ದಡದಲ್ಲಿ ತಲೆ ತಗ್ಗಿಸಿ ನಿಂತ ಒಬ್ಬ ಅಪ್ಪನ ಕಥೆ ಈಗಷ್ಟೇ ಓದಿದ್ದೀರಲ್ಲ!